‘ಲೇಸರ್ ಹೊಡೆಸಿದರೆ ಇದ್ದ ಕಣ್ಣೂ ಹೋಗುತ್ತದೆ’: ಈ ಮಾತು ಹುಟ್ಟಿದ್ದು ಹೇಗೆ, ಇದರಲ್ಲಿ ನಿಜವೆಷ್ಟು?

“ಶುಗರ್ ಇದ್ದೋರು ಕಣ್ಣಿಗೆ ಲೇಸರ್ ಹೊಡಿಸ್ಕೊಬಾರ್ದ್ರಿ, ಇದ್ದ ಕಣ್ಣೂ ಹೋಗ್ತಾವ.”

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಸಾಲಗುಂದದಲ್ಲಾಗಲಿ, ಪಕ್ಕದ ಮಸ್ಕಿ, ಲಿಂಗಸುಗೂರು ಕಡೆಯಾಗಲಿ ಕಟ್ಟೆಯ ಮೇಲೆ ಕಣ್ಣಿನ ವಿಷಯ ಬಂದರೆ ಇಂಥ ಮಾತು ಬರುವುದು ಸಾಮಾನ್ಯ. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಕಾಕಾನೋ, ಸೋದರಮಾವನೋ ನಿಜವಾಗಿಯೂ ಲೇಸರ್ ಮಾಡಿಸಿಕೊಂಡು ಬಂದಿರುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ ಅವರ ದೃಷ್ಟಿ ನಿಜವಾಗಿಯೂ ಕಡಿಮೆಯಾಗಿರುತ್ತದೆ. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ?

ಅಲ್ಲಗಳೆಯಬೇಕಾಗಿಲ್ಲ. ಕಂಡದ್ದು ನಿಜವೇ ಆಗಿದ್ದರೂ ಅದರಿಂದ ಕಟ್ಟಿಕೊಂಡ ತೀರ್ಮಾನ ತಪ್ಪಾಗಿರಬಹುದು. ಈ ಬರಹದಲ್ಲಿ ನಾವು ಆ ಎಳೆಯನ್ನು ಬಿಡಿಸಿ ನೋಡೋಣ. ಈ ಒಂದು ಮಾತನ್ನು ನಂಬಿ ಆಸ್ಪತ್ರೆಯ ಚೀಟಿಯನ್ನು ಮಡಿಚಿ ಗೂಡಿನಲ್ಲಿಟ್ಟವರು ಕಳೆದುಕೊಳ್ಳುವುದು ಮತ್ತೆ ಸಿಗದಂಥದ್ದು.

ಶುಗರ್ ಕಣ್ಣಿಗೆ ಏನು ಮಾಡುತ್ತದೆ?

ನಮ್ಮ ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಬೆಳಕನ್ನು ಹಿಡಿದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ಇದರ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗವಿದೆ. ಓದುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ, ಎದುರಿಗಿದ್ದವರ ಮುಖ ಗುರುತಿಸುವುದಕ್ಕೆ ಬೇಕಾಗುವುದು ಈ ಜಾಗ. ಅಕ್ಷಿಪಟಲದ ಉಳಿದ ಭಾಗ ಅಕ್ಕಪಕ್ಕದ್ದನ್ನು ಮತ್ತು ಮಬ್ಬುಗತ್ತಲಿನಲ್ಲಿ ಇರುವುದನ್ನು ಕಾಣಿಸುತ್ತದೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಅಕ್ಷಿಪಟಲದ ಕೂದಲಿಗಿಂತ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಕೆಲವು ಕಡೆ ಅವು ಉಬ್ಬಿ ಸೋರುತ್ತವೆ, ಕೆಲವು ಕಡೆ ಮುಚ್ಚಿಯೇ ಹೋಗುತ್ತವೆ. ಇದನ್ನೇ ವೈದ್ಯರು ಡಯಾಬಿಟಿಕ್ ರೆಟಿನೋಪತಿ ಎನ್ನುವುದು.

ಮುಂದೆ ಆಗುವುದನ್ನು ಸಿಂಧನೂರಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಕೊನೆ ಭಾಗದ ಹೊಲಗಳು ಒಣಗುತ್ತವೆ. ಒಣಗಿದ ಕಡೆಯಿಂದ ಕೂಗು ಏಳುತ್ತದೆ. ತಾಳಲಾರದವರು ಎಲ್ಲಿಂದಲೋ ಒಂದು ಕಚ್ಚಾ ಕಾಲುವೆ ತೋಡಿಕೊಳ್ಳುತ್ತಾರೆ. ಕಣ್ಣಿನಲ್ಲೂ ಹೀಗೆಯೇ. ರಕ್ತ ಸಿಗದ ಭಾಗ ‘ಆಮ್ಲಜನಕ ಬೇಕು’ ಎಂದು ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಅದರ ಹೆಸರು ವಿಇಜಿಎಫ್. ಅದರ ಪ್ರಚೋದನೆಯಿಂದ ಹೊಸ ರಕ್ತನಾಳಗಳು ಚಿಗುರುತ್ತವೆ. ಆದರೆ ಅವು ಗಟ್ಟಿ ನಾಳಗಳಲ್ಲ, ಕಚ್ಚಾ ಕಾಲುವೆಗಳು. ಕಾಲುವೆಗೆ ಬೋಂಗಾ ಬಿದ್ದ ಹಾಗೆ ಒಂದು ದಿನ ಒಡೆದು ಕಣ್ಣಿನೊಳಗೆಲ್ಲ ರಕ್ತ ತುಂಬುತ್ತದೆ. ಆ ನಾಳಗಳ ಜೊತೆ ಬೆಳೆಯುವ ನಾರಿನಂಥ ಅಂಗಾಂಶ ಕುಗ್ಗಿ ಅಕ್ಷಿಪಟಲವನ್ನೇ ಕಿತ್ತು ಎಳೆಯುವುದೂ ಉಂಟು.

ಇಲ್ಲಿ ಮುಖ್ಯವಾದ ಒಂದು ವಿಷಯವಿದೆ. ನಾಳಗಳು ಮುಚ್ಚುವುದು, ಹೊಸ ನಾಳಗಳು ಚಿಗುರುವುದು ಬಹಳ ಸಲ ನಡುವಿನ ಮ್ಯಾಕ್ಯುಲಾವನ್ನು ಬಿಟ್ಟು ಸುತ್ತಲಿನ ಭಾಗದಲ್ಲಿ ನಡೆಯುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಅಕ್ಷರವೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ರೋಗ ಕೊನೆಯ ಹಂತಕ್ಕೆ ಬಂದಿದ್ದರೂ ‘ನನ್ನ ಕಣ್ಣು ಚೆನ್ನಾಗಿವೆ’ ಎಂದು ನಂಬಿಕೊಂಡಿರಲು ಸಾಧ್ಯ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷ ದಾಟಿದ ಮಧುಮೇಹಿಗಳಲ್ಲಿ ಶೇ. 16.9ರಷ್ಟು ಮಂದಿಗೆ ರೆಟಿನೋಪತಿ ಕಂಡುಬಂತು. ಅಂದರೆ ಸರಿಸುಮಾರು ಆರು ಜನರಲ್ಲಿ ಒಬ್ಬರಿಗೆ.

ಲೇಸರ್ ಮಾಡುವುದೇನು?

ಗ್ರಹಣದ ದಿನ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು ಎಂಬುದು ನಮಗೆಲ್ಲ ಗೊತ್ತು. ಕಣ್ಣಿನ ಮಸೂರ ಸೂರ್ಯನ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸುತ್ತದೆ, ಆ ಚುಕ್ಕೆಯಲ್ಲಿ ಅಕ್ಷಿಪಟಲ ಸುಡುತ್ತದೆ. 1945ರ ಜುಲೈ 9ರ ಗ್ರಹಣ ನೋಡಿ ಹೀಗೆ ಕಣ್ಣು ಸುಟ್ಟುಕೊಂಡ ವಿದ್ಯಾರ್ಥಿಯೊಬ್ಬನನ್ನು ಪರೀಕ್ಷಿಸಿದ ಜರ್ಮನಿಯ ವೈದ್ಯ ಗೆರ್ಡ್ ಮೇಯರ್-ಶ್ವಿಕೆರಾಥ್ ಅವರಿಗೆ ಒಂದು ಯೋಚನೆ ಹೊಳೆಯಿತು. ಬೆಳಕು ಅಕ್ಷಿಪಟಲವನ್ನು ಸುಡುವುದಾದರೆ, ನಮಗೆ ಬೇಕಾದ ಕಡೆ, ಬೇಕಾದಷ್ಟೇ ಸುಟ್ಟು ರೋಗವನ್ನು ತಡೆಯಬಾರದೇಕೆ? ಅವರು ಮೊದಮೊದಲು ಬಳಸಿದ್ದು ಸೂರ್ಯನ ಬೆಳಕನ್ನೇ. ಆಮೇಲೆ ಝೆನಾನ್ ದೀಪ ಬಂತು. 1960ರಲ್ಲಿ ಲೇಸರ್ ಕಂಡುಹಿಡಿದ ಮೇಲೆ, ಆ ದಶಕದ ಕೊನೆಯ ಹೊತ್ತಿಗೆ ಆರ್ಗಾನ್ ಲೇಸರ್ ಕಣ್ಣಿನ ಚಿಕಿತ್ಸೆಗೆ ಬಂತು.

ಅಂದರೆ ‘ಲೇಸರ್ ಕಣ್ಣನ್ನು ಸುಡುತ್ತದೆ’ ಎನ್ನುವವರ ಮಾತು ಸುಳ್ಳಲ್ಲ. ಸುಡುತ್ತದೆ, ಬೇಕೆಂದೇ ಸುಡುತ್ತದೆ. ಸುಡುವುದು ಎಲ್ಲಿ, ಯಾಕೆ ಎಂಬುದು ಮುಖ್ಯ.

ಹೊಸ ನಾಳಗಳು ಚಿಗುರಿದಾಗ ವೈದ್ಯರು ಮ್ಯಾಕ್ಯುಲಾವನ್ನು ಮುಟ್ಟದೆ, ಸುತ್ತಲಿನ ಅಕ್ಷಿಪಟಲದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಂತೆ ಲೇಸರ್ ಹಾಯಿಸುತ್ತಾರೆ. ಒಂದು ಕಣ್ಣಿಗೆ ಇಂಥ ಸಾವಿರಕ್ಕೂ ಹೆಚ್ಚು ಚುಕ್ಕೆಗಳು ಬೇಕಾಗುತ್ತವೆ. ಹಾಗಾಗಿ ಸಾಮಾನ್ಯವಾಗಿ ಎರಡು ಮೂರು ಸಲ ಕರೆಯುತ್ತಾರೆ. ಚುಕ್ಕೆ ಬಿದ್ದ ಕಡೆಯ ಬೆಳಕು ಹಿಡಿಯುವ ಕೋಶಗಳು ಸಾಯುತ್ತವೆ. ದೇಹದಲ್ಲೇ ಅತಿ ಹೆಚ್ಚು ಆಮ್ಲಜನಕ ಬಳಸುವ ಕೋಶಗಳ ಪೈಕಿ ಇವೂ ಸೇರಿವೆ. ಅವು ಕಡಿಮೆಯಾದರೆ ಬೇಡಿಕೆ ಇಳಿಯುತ್ತದೆ, ಉಳಿದ ಭಾಗಕ್ಕೆ ಆಮ್ಲಜನಕ ಸಾಕಾಗುತ್ತದೆ, ‘ಬೇಕು ಬೇಕು’ ಎಂಬ ರಾಸಾಯನಿಕದ ಕೂಗು ತಗ್ಗುತ್ತದೆ, ಹೊಸ ನಾಳಗಳು ಮುದುಡುತ್ತವೆ. ನೀರು ಸಾಲದ ವರ್ಷ ಅಂಚಿನ ಒಂದಷ್ಟು ಮಡಿಗಳನ್ನು ಬೀಳುಬಿಟ್ಟು ನಡುವಿನ ಪೈರನ್ನು ಉಳಿಸಿಕೊಳ್ಳುವ ಲೆಕ್ಕ ಇದು.

ಇದಲ್ಲದೆ ಮ್ಯಾಕ್ಯುಲಾದ ಹತ್ತಿರ ಸೋರುವ ನಾಳಗಳನ್ನಷ್ಟೇ ಗುರಿಯಿಟ್ಟು ಕೆಲವೇ ಚುಕ್ಕೆ ಹಾಕುವ ಇನ್ನೊಂದು ವಿಧಾನವೂ ಇದೆ.

ಹಾಗಾದರೆ ಆ ಮಾತು ಹುಟ್ಟಿದ್ದು ಹೇಗೆ?

ನಮಗೆ ತೋರುವಂತೆ ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ಹೋಗುವುದೇ ತಡವಾಗಿ. ಒಬ್ಬ ರೈತ ಎಂದಿಟ್ಟುಕೊಳ್ಳೋಣ. ಹತ್ತು ವರ್ಷದಿಂದ ಶುಗರ್, ಕಣ್ಣು ಒಮ್ಮೆಯೂ ತೋರಿಸಿಲ್ಲ. ಒಂದು ಬೆಳಿಗ್ಗೆ ಕಣ್ಣ ಮುಂದೆ ಕಪ್ಪು ದಾರಗಳು ತೇಲಿದಂತಾಗಿ ಮಂಜಾಗುತ್ತದೆ. ಆಗ ಆಸ್ಪತ್ರೆಗೆ ಹೋಗುತ್ತಾನೆ. ಅಷ್ಟರಲ್ಲಿ ನಾಳ ಒಡೆದಿರುತ್ತದೆ. ಸಾಧ್ಯವಿದ್ದಷ್ಟು ಭಾಗಕ್ಕೆ ವೈದ್ಯರು ಲೇಸರ್ ಮಾಡುತ್ತಾರೆ. ಆದರೂ ಆಗಲೇ ಮುಂದುವರಿದಿದ್ದ ರೋಗ ಇನ್ನಷ್ಟು ಹಾನಿ ಮಾಡುತ್ತದೆ. ಊರಿನವರಿಗೆ ಕಂಡದ್ದು ಎರಡೇ ಘಟನೆ: ಲೇಸರ್ ಆಯಿತು, ಕಣ್ಣು ಹೋಯಿತು. ಅದಕ್ಕೂ ಹಿಂದಿನ ಹತ್ತು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸಿದವರೇ ಹೆಚ್ಚಾಗಿ ಸಾಯುತ್ತಾರೆ ಎಂಬುದೂ ಇಂಥದ್ದೇ ಲೆಕ್ಕ. ಅಲ್ಲಿಗೆ ಹೋಗುವವರೇ ಹೆಚ್ಚು ಕಾಯಿಲೆಯಾದವರು ಎಂಬುದನ್ನು ನಾವು ಮರೆಯುತ್ತೇವೆ.

ಎರಡನೆಯದು, ಪೊರೆಯ ಆಪರೇಷನ್ನಿನ ನೆನಪು. ಬೀಳಗಿ ಮೂಲದ ಡಾ. ಎಂ. ಸಿ. ಮೋದಿ (1916–2005) ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದವರು. ಪಟ್ಟಿ ಬಿಚ್ಚಿದಾಗ ಜಗತ್ತು ಮತ್ತೆ ಕಂಡಿತು ಎಂಬ ಅನುಭವ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ. ಕಣ್ಣಿನ ಚಿಕಿತ್ಸೆ ಎಂದರೆ ಕಳೆದುಹೋದ ದೃಷ್ಟಿ ಮರಳುವುದು ಎಂದು ನಮ್ಮ ಮನಸ್ಸು ಒಪ್ಪಿಕೊಂಡುಬಿಟ್ಟಿದೆ. ಪೊರೆಯ ವಿಷಯದಲ್ಲಿ ಅದು ಸರಿ, ಅಲ್ಲಿ ಮಸುಕಾದ ಮಸೂರವನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಅಕ್ಷಿಪಟಲವನ್ನು ಹಾಗೆ ಬದಲಿಸಲು ಬರುವುದಿಲ್ಲ. ರೆಟಿನೋಪತಿಯ ಲೇಸರ್ ಇರುವ ದೃಷ್ಟಿಯನ್ನು ಉಳಿಸಲು ಮಾಡುವ ಚಿಕಿತ್ಸೆ, ಹೋದದ್ದನ್ನು ತರಲು ಮಾಡುವುದಲ್ಲ. ಮರಳಿ ಬರುತ್ತದೆಂದು ಕಾದವರಿಗೆ ಬರದಿದ್ದಾಗ ‘ಕೆಟ್ಟಿತು’ ಎನಿಸುತ್ತದೆ.

ಮೂರನೆಯದು, ಬೇರೆ ಬೇರೆ ಚಿಕಿತ್ಸೆಗಳಿಗೆ ಒಂದೇ ಹೆಸರು. ಕನ್ನಡಕ ಬಿಡಿಸಲು ಮಾಡುವ ಲ್ಯಾಸಿಕ್ ಕೂಡ ಲೇಸರ್. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ. ಪೊರೆ ತೆಗೆಸಿದ ಕೆಲವು ತಿಂಗಳು ಅಥವಾ ವರ್ಷಗಳ ನಂತರ ಹೊಸ ಮಸೂರದ ಹಿಂದಿನ ಚೀಲ ಮಸುಕಾದರೆ ಅದನ್ನು ತೆರೆಯುವ ಯಾಗ್ ಲೇಸರ್ ಇನ್ನೊಂದು. ಅದಾದರೆ ಬೇಗನೆ ಕಣ್ಣು ತಿಳಿಯಾಗುತ್ತದೆ. ‘ಪಕ್ಕದ ಮನೆಯವರಿಗೆ ಲೇಸರ್ ಆಗಿ ಮರುದಿನವೇ ಪೇಪರ್ ಓದಿದರು, ನನಗೇಕೆ ಆಗಲಿಲ್ಲ?’ ಎಂಬ ಪ್ರಶ್ನೆ ಹುಟ್ಟುವುದು ಹೀಗೆ. ಇಬ್ಬರಿಗೂ ಆದದ್ದು ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಚಿಕಿತ್ಸೆ.

ನಾಲ್ಕನೆಯದನ್ನು ಮುಚ್ಚಿಡಬಾರದು. ಈ ಲೇಸರ್‌ಗೆ ಅಡ್ಡಪರಿಣಾಮಗಳಿವೆ. ಅಂಚಿನ ದೃಷ್ಟಿ ಸ್ವಲ್ಪ ಕುಗ್ಗಬಹುದು. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವರಿಗೆ ಮೊದಲಿನಷ್ಟು ಕಾಣದೆ ಇರಬಹುದು. ಕೆಲವರಿಗೆ ಮ್ಯಾಕ್ಯುಲಾದ ಊತ ಹೆಚ್ಚಾಗಿ ಕೆಲವು ವಾರ ಮಂಜಾಗುತ್ತದೆ. ಕೆಲವರಿಗೆ ಒಂದಿಷ್ಟು ದೃಷ್ಟಿ ಕಾಯಂ ಆಗಿ ಇಳಿಯುವುದೂ ಉಂಟು. ಇದನ್ನು ಮೊದಲೇ ಹೇಳದೆ ಚಿಕಿತ್ಸೆ ಮಾಡಿದರೆ, ಮನೆಗೆ ಹೋದ ರೋಗಿ ಗಾಬರಿಯಾಗಿ ಎರಡನೆಯ ಸಲ ಬರುವುದೇ ಇಲ್ಲ. ಅರ್ಧಕ್ಕೆ ನಿಂತ ಲೇಸರ್ ಮುಂದೆ ‘ಲೇಸರ್‌ನಿಂದ ಹೋದ ಕಣ್ಣು’ ಎಂದು ಹೆಸರಾಗುತ್ತದೆ.

ಒಂದು ಕಣ್ಣಿಗೆ ಲೇಸರ್, ಇನ್ನೊಂದಕ್ಕೆ ಇಲ್ಲ

ಹಾಗಿದ್ದರೆ ಲೇಸರ್ ಕಣ್ಣನ್ನು ಉಳಿಸುತ್ತದೆ ಎಂಬುದಕ್ಕಾದರೂ ಆಧಾರ ಏನು? ಅದೂ ಬರೀ ನಂಬಿಕೆಯಾಗಿರಬಾರದಲ್ಲ?

ಈ ಪ್ರಶ್ನೆ ವೈದ್ಯರಿಗೂ ಇತ್ತು. 1970ರ ಹೊತ್ತಿಗೆ ಕಣ್ಣಿಗೆ ಬೆಳಕು ಹಾಯಿಸುವ ಚಿಕಿತ್ಸೆ ಹಲವು ಕಡೆ ನಡೆಯುತ್ತಿದ್ದರೂ ಅದರಿಂದ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇತ್ಯರ್ಥವಾಗಿರಲಿಲ್ಲ. ಕಟ್ಟೆಯ ಮೇಲಿನ ವಾದವೇ ಅಲ್ಲೂ ನಡೆದಿತ್ತು ಎನ್ನಬಹುದು. ಅದನ್ನು ಬಗೆಹರಿಸಲು ಅಮೆರಿಕದಲ್ಲಿ 1972ರಿಂದ 1975ರವರೆಗೆ 1,700ಕ್ಕೂ ಹೆಚ್ಚು ಮಧುಮೇಹಿಗಳನ್ನು ಸೇರಿಸಿಕೊಂಡು ‘ಡಯಾಬಿಟಿಕ್ ರೆಟಿನೋಪತಿ ಸ್ಟಡಿ’ ಎಂಬ ಪ್ರಯೋಗ ಆರಂಭಿಸಿದರು.

ಆ ಪ್ರಯೋಗದ ಜಾಣತನ ಇರುವುದು ಇಲ್ಲಿ. ಸೇರಿಸಿಕೊಂಡವರೆಲ್ಲರ ಎರಡೂ ಕಣ್ಣಿನಲ್ಲಿ ರೋಗವಿತ್ತು. ಪ್ರತಿಯೊಬ್ಬರ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ ಕೊಟ್ಟರು, ಇನ್ನೊಂದನ್ನು ಹಾಗೆಯೇ ಬಿಟ್ಟು ಗಮನಿಸಿದರು. ಯಾವ ಕಣ್ಣಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಒಬ್ಬರದೇ ದೇಹ, ಒಂದೇ ಶುಗರ್, ಒಂದೇ ಬಿಪಿ, ಒಂದೇ ಊಟ. ಎರಡು ಕಣ್ಣಿನ ನಡುವೆ ಇದ್ದ ದೊಡ್ಡ ವ್ಯತ್ಯಾಸ ಲೇಸರ್ ಅಥವಾ ಝೆನಾನ್ ಬೆಳಕು ಮಾತ್ರ. ಲೇಸರ್ ಕಣ್ಣು ತೆಗೆಯುವುದಾದರೆ ಚಿಕಿತ್ಸೆ ಪಡೆದ ಕಣ್ಣುಗಳೇ ಹೆಚ್ಚು ಹೋಗಬೇಕಿತ್ತು.

ಆದದ್ದು ತಿರುಗುಮುರುಗು. ಎರಡು ವರ್ಷದಲ್ಲಿ ಹಾಗೆಯೇ ಬಿಟ್ಟ ಕಣ್ಣುಗಳಲ್ಲಿ ನೂರಕ್ಕೆ ಸುಮಾರು 16 ತೀವ್ರವಾಗಿ ದೃಷ್ಟಿ ಕಳೆದುಕೊಂಡವು, ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು 6. ರೋಗ ಹೆಚ್ಚು ಅಪಾಯದ ಹಂತಕ್ಕೆ ಬಂದಿದ್ದ ಕಣ್ಣುಗಳಲ್ಲಿ ಇದು ಸುಮಾರು 26 ಮತ್ತು 11. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ 1976ರಲ್ಲಿ ಪ್ರಯೋಗದ ನಿಯಮವನ್ನೇ ಬದಲಿಸಿ, ಚಿಕಿತ್ಸೆಯಿಲ್ಲದೆ ಬಿಟ್ಟಿದ್ದ ಅಪಾಯದ ಕಣ್ಣುಗಳಿಗೂ ಚಿಕಿತ್ಸೆ ಕೊಡಲು ಒಪ್ಪಿದರು. ಮ್ಯಾಕ್ಯುಲಾದ ಊತಕ್ಕೆ ಮಾಡುವ ಲೇಸರ್ ಕೂಡ ದೃಷ್ಟಿ ಕುಸಿಯುವ ಸಾಧ್ಯತೆಯನ್ನು ಅರ್ಧದಷ್ಟು ಇಳಿಸುತ್ತದೆ ಎಂದು 1985ರಲ್ಲಿ ಇನ್ನೊಂದು ದೊಡ್ಡ ಪ್ರಯೋಗ ತೋರಿಸಿತು.

ಅಂಕಿಗಳನ್ನು ಇನ್ನೊಮ್ಮೆ ನೋಡಿ. ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ ಆರು ಕಣ್ಣು ಹೋಗಿವೆ. ಕಟ್ಟೆಯ ಮೇಲೆ ಹೆಸರು ಕೇಳಿಬರುವುದು ಇವರದೇ. ಲೇಸರ್ ಆಗಿದ್ದರಿಂದ ಉಳಿದ ಹತ್ತು ಕಣ್ಣುಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅವರು ಎಂದಿನಂತೆ ಹೊಲಕ್ಕೆ ಹೋಗುತ್ತಾರೆ, ಬಸ್ಸಿನ ಬೋರ್ಡು ಓದುತ್ತಾರೆ. ಆಗದೇ ಇದ್ದ ಅನಾಹುತ ಸುದ್ದಿಯಾಗುವುದಿಲ್ಲ.

ಇಂಜೆಕ್ಷನ್ ಬಂದ ಮೇಲೂ ಲೇಸರ್ ಬೇಕೆ?

ಈಗ ವಿಇಜಿಎಫ್ ರಾಸಾಯನಿಕವನ್ನು ತಡೆಯುವ ಇಂಜೆಕ್ಷನ್‌ಗಳಿವೆ. ಮ್ಯಾಕ್ಯುಲಾದ ನಟ್ಟನಡುವೆ ಊತ ಬಂದು ದೃಷ್ಟಿ ಇಳಿದಿದ್ದರೆ ಬಹುತೇಕ ವೈದ್ಯರು ಮೊದಲು ಆರಿಸುವುದು ಇದನ್ನೇ. ಇದರಿಂದ ಕೆಲವರಿಗೆ ದೃಷ್ಟಿ ಸುಧಾರಿಸುವುದೂ ನಿಜ. ಹೊಸ ನಾಳಗಳಿಗೂ ಇದು ಲೇಸರ್‌ನಷ್ಟೇ ಕೆಲಸ ಮಾಡುತ್ತದೆ ಎಂದು 2015ರಲ್ಲಿ ಅಮೆರಿಕದ ಪ್ರಯೋಗವೊಂದು ಎರಡು ವರ್ಷದ ಫಲಿತಾಂಶ ಪ್ರಕಟಿಸಿತು.

ಆದರೆ ಇಂಜೆಕ್ಷನ್‌ನ ಪರಿಣಾಮ ಕೆಲವು ವಾರಗಳದ್ದು. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೂ ಆಗಾಗ ಹೋಗುತ್ತಲೇ ಇರಬೇಕು. ಸಿಂಧನೂರಿನಿಂದ ರಾಯಚೂರಿಗೆ 80 ಕಿಲೋಮೀಟರಿಗೂ ಹೆಚ್ಚು ದೂರ. ನಾಟಿ ಬಂತು, ಕೊಯ್ಲು ಬಂತು, ಜೊತೆಗೆ ಬರುವವರಿಲ್ಲ, ಕೈಯಲ್ಲಿ ದುಡ್ಡಿಲ್ಲ ಎಂದು ಎರಡು ಮೂರು ತಿಂಗಳು ತಪ್ಪುವುದು ಸುಲಭ. ಹೀಗೆ ಮಧ್ಯದಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಬರದೇ ಹೋದವರ ಕಣ್ಣುಗಳನ್ನು ಹೋಲಿಸಿದ ಒಂದು ಚಿಕ್ಕ ಅಧ್ಯಯನ 2019ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಇಂಜೆಕ್ಷನ್ ಮಾತ್ರ ಪಡೆದಿದ್ದ ಕಣ್ಣುಗಳು ಲೇಸರ್ ಆಗಿದ್ದ ಕಣ್ಣುಗಳಿಗಿಂತ ಹೆಚ್ಚು ಕೆಟ್ಟಿದ್ದವು, ಅಕ್ಷಿಪಟಲ ಕಿತ್ತುಬಂದದ್ದೂ ಅವುಗಳಲ್ಲೇ ಹೆಚ್ಚು. ಲೇಸರ್ ಒಮ್ಮೆ ಪೂರ್ತಿಯಾದರೆ ಅದರ ಪರಿಣಾಮ ಬಹುಕಾಲ ಉಳಿಯುತ್ತದೆ.

ಆದ್ದರಿಂದ ‘ತಿಂಗಳಿಗೊಮ್ಮೆ ಬರಲು ನನಗೆ ಆಗುತ್ತದೆಯೇ?’ ಎಂಬುದನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿ. ಯಾವ ಚಿಕಿತ್ಸೆ ಎಂದು ತೀರ್ಮಾನಿಸಲು ಅದು ಶುಗರ್ ರಿಪೋರ್ಟಿನಷ್ಟೇ ಮುಖ್ಯ.

ಲೇಸರ್ ದಿನ ಏನೇನಾಗುತ್ತದೆ?

ಮೊದಲು ಹನಿ ಹಾಕಿ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತಾರೆ. ಇದಕ್ಕೆ ಅರ್ಧ ಗಂಟೆ ಬೇಕಾಗಬಹುದು. ಆಮೇಲೆ ಮರಗಟ್ಟಿಸುವ ಹನಿ. ಯಂತ್ರದ ಮುಂದೆ ಕೂತು ಗದ್ದವನ್ನು ಊರಬೇಕು. ವೈದ್ಯರು ಕಣ್ಣಿನ ಮೇಲೆ ಒಂದು ಮಸೂರ ಇಟ್ಟು ಹಿಡಿದುಕೊಳ್ಳುತ್ತಾರೆ. ಆಮೇಲೆ ಮಿಂಚಿನಂತೆ ಬೆಳಕು ಹೊಡೆಯುತ್ತದೆ, ಹೆಚ್ಚಾಗಿ ಹಸಿರು ಬಣ್ಣದ್ದು. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಕೆಲವರಿಗೆ ಏನೂ ಅನಿಸುವುದಿಲ್ಲ, ಕೆಲವರಿಗೆ ಕೆಲವು ಚುಕ್ಕೆಗಳು ಚುಚ್ಚಿದಂತೆ ನೋಯುತ್ತವೆ. ನೋವಾದರೆ ತಲೆ ಹಿಂದಕ್ಕೆ ಎಳೆಯದೆ ಬಾಯಿಬಿಟ್ಟು ಹೇಳಿ, ನಿಲ್ಲಿಸುತ್ತಾರೆ.

ಮುಗಿದ ಕೂಡಲೇ ಕಣ್ಣು ಕತ್ತಲಿಟ್ಟಂತಾಗುವುದು, ಪಾಪೆ ಹಿಗ್ಗಿದ್ದರಿಂದ ಬಿಸಿಲು ಚುಚ್ಚುವುದು ಸಹಜ. ಬೈಕ್ ಓಡಿಸಿಕೊಂಡು ವಾಪಸ್ ಬರುವಂತಿಲ್ಲ. ಜೊತೆಗೊಬ್ಬರು ಇರಲಿ, ಒಂದು ಕಪ್ಪು ಕನ್ನಡಕ ಇರಲಿ. ‘ಕಣ್ಣಿನ ಕೆಲಸ, ಉಪವಾಸ ಇರಬೇಕು’ ಎಂದುಕೊಂಡು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟು ಹೋಗಬೇಡಿ, ಸಾಲಿನಲ್ಲಿ ಕೂತಾಗ ಶುಗರ್ ಕುಸಿಯಬಹುದು. ಹೀಗೆ ಹನಿ ಹಾಕಿ ಮಾಡುವ ಲೇಸರ್‌ಗೆ ಸಾಮಾನ್ಯವಾಗಿ ಉಪವಾಸ ಬೇಕಾಗುವುದಿಲ್ಲ. ಲೇಸರ್ ಆದ ಮೇಲೆ ಅನ್ನ ತಿನ್ನಬಾರದು, ಬದನೆಕಾಯಿ ತಿನ್ನಬಾರದು ಎಂಬ ಪಥ್ಯಕ್ಕೆ ಕಣ್ಣಿನ ದೃಷ್ಟಿಯಿಂದ ಆಧಾರವಿಲ್ಲ. ನಿಮ್ಮ ಶುಗರ್‌ಗೆ ಹೇಳಿರುವ ಊಟದ ಕ್ರಮವೇ ಸಾಕು. ಜೇನುತುಪ್ಪ, ಈರುಳ್ಳಿ ರಸ ಕಣ್ಣಿಗೆ ಬಿಟ್ಟರೆ ಅಕ್ಷಿಪಟಲದ ರೋಗ ವಾಸಿಯಾಗುವುದಿಲ್ಲ, ಕಣ್ಣಿನ ಮುಂಭಾಗಕ್ಕೆ ಸೋಂಕು ಅಂಟಬಹುದು.

ಎದ್ದು ಬರುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಕಣ್ಣಿಗೆ ಇನ್ನೂ ಎಷ್ಟು ಸಲ ಬರಬೇಕು? ಇನ್ನೊಂದು ಕಣ್ಣಿನ ಸ್ಥಿತಿ ಏನು? ಮುಂದಿನ ತಪಾಸಣೆ ಯಾವಾಗ?

ಹೋಗಬೇಕಾದದ್ದು ಯಾವಾಗ?

ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ. ವಯಸ್ಕರಲ್ಲಿ ಸಾಮಾನ್ಯವಾಗಿ ಬರುವ ಟೈಪ್ 2 ಮಧುಮೇಹ ಇದೆ ಎಂದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಆಗಬೇಕು. ಮೊದಲೇ ಶುಗರ್ ಇದ್ದ ಹೆಣ್ಣುಮಗಳು ಬಸುರಿಯಾದರೆ ಆರಂಭದ ತಿಂಗಳುಗಳಲ್ಲೇ ತೋರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ರಾಜ್ಯ ಸರ್ಕಾರದ ‘ಆಶಾಕಿರಣ’ದಂಥ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ದೃಷ್ಟಿ ಪರೀಕ್ಷಿಸುವುದು ತುಂಬಾ ಉಪಯುಕ್ತ. ಆದರೆ ದೂರದ ಅಕ್ಷರ ಓದಿದ ಮಾತ್ರಕ್ಕೆ ಅಕ್ಷಿಪಟಲ ಸರಿಯಿದೆ ಎಂದು ಅರ್ಥವಲ್ಲ. ನಿಮಗೆ ಶುಗರ್ ಇದೆ ಎಂದು ಅವರಿಗೆ ಹೇಳಿ, ಪಾಪೆ ಹಿಗ್ಗಿಸಿ ಅಥವಾ ಅಕ್ಷಿಪಟಲದ ಫೋಟೋ ತೆಗೆದು ನೋಡುವ ಕಡೆಗೆ ಕಳಿಸಲು ಕೇಳಿ. ಹೊರಡುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಲೇಸರ್ ಎಲ್ಲಿ ಸಿಗುತ್ತದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಹೇಗೆ ಹೋಗಬೇಕು ಎಂದು ವಿಚಾರಿಸಿ. ರೇಷನ್ ಕಾರ್ಡು, ಆಧಾರ್, ಶುಗರ್‌ನ ಹಳೆಯ ಚೀಟಿಗಳು ಜೊತೆಗಿರಲಿ.

ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ದಾರ, ಮಸಿ ತೇಲಿದಂತಾದರೆ, ಪರದೆ ಎಳೆದಂತಾದರೆ ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ, ಅಂದೇ ಹೊರಡಿ.

ಲೇಸರ್ ಆಯಿತೆಂದು ಶುಗರ್ ಮಾತ್ರೆ ಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಶುಗರ್ ಬಿಗಿಯಾಗಿ ಹಿಡಿತದಲ್ಲಿಟ್ಟ ಗುಂಪಿನಲ್ಲಿ ಸಣ್ಣ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಯಿತು. ಅದರಲ್ಲಿ ಎದ್ದು ಕಂಡದ್ದು ಕಣ್ಣಿಗೆ ಲೇಸರ್ ಬೇಕಾದವರ ಸಂಖ್ಯೆ ಇಳಿದದ್ದು. ಬಿಪಿ ಹಿಡಿತದಲ್ಲಿದ್ದರೂ ಕಣ್ಣಿಗೆ ಒಳ್ಳೆಯದು.

ಇನ್ನು ಮುಂದೆ ಕಟ್ಟೆಯ ಮೇಲೆ ಯಾರಾದರೂ ‘ಲೇಸರ್‌ನಿಂದ ನಮ್ಮ ಕಾಕಾನ ಕಣ್ಣು ಹೋದವು’ ಎಂದರೆ ಜಗಳಕ್ಕೆ ಇಳಿಯಬೇಡಿ, ಒಂದು ಪ್ರಶ್ನೆ ಕೇಳಿ ನೋಡಿ: ‘ಲೇಸರ್‌ಗೆ ಹೋಗುವ ಮೊದಲು ಕಾಕಾ ಎಷ್ಟು ವರ್ಷ ಕಣ್ಣು ತೋರಿಸಿರಲಿಲ್ಲ?’ ಉತ್ತರ ಬಂದ ಮೇಲೆ ಇನ್ನೊಂದನ್ನೂ ಕೇಳಿ: ‘ನಿಮಗೂ ಶುಗರ್ ಇದೆಯಲ್ಲ, ನೀವು ಯಾವಾಗ ತೋರಿಸಿದಿರಿ?’